ಪೇಟಿ ದೊಡ್ಡದು ಮಾಡಿದವರು

ಬೆಳಗಿನ ಮಂಜು ಇನ್ನೂ ಬೀದರ್ ಬಸ್ ಸ್ಟ್ಯಾಂಡಿನೊಳಗೇ ಅಡ್ಡಾಡುತ್ತಿತ್ತು. ಮೊದಲು ದೀಪ ಕಾಣಿಸಿ, ಬಸ್ಸು ಆಮೇಲೆ ಬರುವಂಥ ಹೊತ್ತು. ನಾನು ಅಲ್ಲಿ ಕಂಟ್ರೋಲರ್. ಯಾವ ಬಸ್ಸು ಎಲ್ಲಿಗೆ, ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ನೌಬಾದದಲ್ಲಿ ಮನೆ ಇರುವ ಕಂಡಕ್ಟರೊಬ್ಬ ನನ್ನ ಕಿಟಕಿಗೆ ಬಂದು ಹೇಳಿದ:

"ಸಾಹೇಬ್ರ, ಮಾಸ್ತರ ಪೇಟಿ ದೊಡ್ಡದ ಮಾಡಿದ್ರಂತ್ರಿ."

"ಚಲೋ ಆತ ಬಿಡಪಾ. ಯಾವೂರಾಗಿತ್ತು ಭಜನಿ?" ಅಂದೆ. ಕೈಯಲ್ಲಿ ಚಹಾ ಇತ್ತು, ಕಣ್ಣು ಭಾಲ್ಕಿ ಬಸ್ಸಿನ ಬೋರ್ಡಿನ ಮೇಲಿತ್ತು.

ಅವನು ಕಿವಿಗೆ ಸುತ್ತಿದ್ದ ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ. ಆಗ ತಿಳಿಯಿತು.

ನಮ್ಮ ಸೀಮೆಯ ಮಾತೇ ಹಾಗೆ. ನಮ್ಮಲ್ಲಿ ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತವೆ. ಮಾಸ್ತರರ ಮನೆಮಾತು ದಖನಿ. ಅದರಲ್ಲೂ ಸಂಜೆಗೆ ಅಂಗಡಿಯ ಬಾಗಿಲು ಹಾಕುವುದಕ್ಕೆ 'ದುಕಾನ್ ಬಢಾನಾ' ಎನ್ನುತ್ತಾರೆ, ಅಂದರೆ ಅಂಗಡಿ ಹೆಚ್ಚಿಸುವುದು. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಮಾಸ್ತರರು ಅದನ್ನು ಮುಚ್ಚುವಾಗಲೆಲ್ಲ "ಪೇಟಿ ದೊಡ್ಡದ ಮಾಡೋಣೇನ್ರಿ?" ಎಂದು ಕೂತವರ ಒಪ್ಪಿಗೆ ಕೇಳಿಯೇ ಮುಚ್ಚುತ್ತಿದ್ದರು. ಎಷ್ಟೋ ವರ್ಷ ಎಷ್ಟೋ ಊರುಗಳಲ್ಲಿ ಆ ಮಾತನ್ನು ಅವರ ಬಾಯಿಂದಲೇ ಕೇಳಿದ್ದೆ. ಅದು ಅವರಿಗೇ ಬಂದು ತಗಲುವ ದಿನ ಒಂದಿದೆ ಎಂಬುದು ನನ್ನ ಕಿವಿಗೆ ಗೊತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಬಹಳ ಮಂದಿಗೆ ಗುರುತು ಹತ್ತಲಿಕ್ಕಿಲ್ಲ. ಭಾಲ್ಕಿಯಲ್ಲಿ ಅವರು ಪೇಟಿ ಮಾಸ್ತರ. ಔರಾದದಲ್ಲಿ ಚಾಚಾ. ಬೀದರಿನ ಕವ್ವಾಲಿಯವರ ನಡುವೆ ಉಸ್ತಾದ್. ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತೇನೋ.

ಕೂಡಲೇ ಭಾಲ್ಕಿಯ ಅಕ್ಕನಿಗೆ ಫೋನ್ ಹಚ್ಚಿದೆ. ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ತೊಗರಿಬೇಳೆ ವ್ಯಾಪಾರದ ಮನೆತನದ ಹಿರಿಯ ಹೆಣ್ಣುಮಗಳು, ಹಣೆ ತುಂಬ ವಿಭೂತಿ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಪ್ರತಿ ಸೋಮವಾರ ಸಂಜೆ ಅವರ ಪಡಸಾಲೆಯಲ್ಲಿ ವಚನ, ತತ್ವಪದಗಳ ಭಜನೆ ನಡೆಯುತ್ತದೆ. ಅಕ್ಕ ಹಾಡುವುದು, ಮಾಸ್ತರರು ಪೇಟಿ ನುಡಿಸುವುದು, ನಾನು ತಾಳ ಹಾಕುವುದು, ಓಣಿಯ ನಾಲ್ಕಾರು ಜನ ದನಿಗೂಡಿಸುವುದು. ನನ್ನ ವಾರದ ರಜೆಯನ್ನು ಸೋಮವಾರಕ್ಕೇ ಹಾಕಿಸಿಕೊಂಡಿದ್ದೆನೆಂದರೆ ಅದು ನನಗೆ ಏನಾಗಿತ್ತು ಎಂಬುದು ತಿಳಿಯಬಹುದು.

ಸುದ್ದಿ ಹೇಳಿದೆ. ಆ ಕಡೆ ಎಲ್ಲೋ ಒಂದು ಕೊಡ ತುಂಬುವ ಸಪ್ಪಳ ಬರುತ್ತಿತ್ತು.

"ಭಜನಿ ಬಂದ್ ತಮ್ಮಾ," ಎಂದರು ಅಕ್ಕ. "ಸುರ ಕೊಡೋರು ಹ್ವಾದ್ರು. ನಾ ಎಲ್ಲಿಂದ ಸುರು ಮಾಡ್ಲಿ?"

ಬಂದ್ ಎನ್ನುವ ಮಾತನ್ನು ಅಕ್ಕನ ಬಾಯಲ್ಲಿ ನಾನು ಕೇಳಿರಲೇ ಇಲ್ಲ. ಮಾಸ್ತರರು ಕೇಳಿದ್ದರೆ ಕೈಮುಗಿದು ಬೇಡವೆನ್ನುತ್ತಿದ್ದರು. ಸುದ್ದಿ ಕೇಳಿದಾಗ ಬಾರದ ಅಳು ನನಗೆ ಆ ಒಂದು ಮಾತಿಗೆ ಬಂತು. ಮಾಸ್ತರರಂತೂ ಹೋದರು. ಅವರ ಹಿಂದೆಯೇ ಸೋಮವಾರವೂ ಹೋಗಿಬಿಟ್ಟರೆ ಅವರನ್ನು ಹುಡುಕಿಕೊಂಡು ನಾನು ಹೋಗುವುದಾದರೂ ಎಲ್ಲಿಗೆ?

ಅವರ ಪರಿಚಯವಾದದ್ದು ಇದೇ ಕಿಟಕಿಯಲ್ಲಿ. ಬಸ್ಸು ನೌಬಾದದಲ್ಲಿ ಅವರ ಮನೆಯ ಹತ್ತಿರವೇ ನಿಲ್ಲುತ್ತಿದ್ದರೂ ಅವರು ಅಲ್ಲಿ ಹತ್ತುತ್ತಿರಲಿಲ್ಲ. ಆಟೋ ಹಿಡಿದು ಹಿಂದಕ್ಕೆ ಸ್ಟ್ಯಾಂಡಿಗೇ ಬಂದು ಖಾಲಿ ಬಸ್ಸು ಹತ್ತುತ್ತಿದ್ದರು. ನೌಬಾದದಲ್ಲಿ ಹತ್ತಿದರೆ ಸೀಟು ಸಿಗುವುದಿಲ್ಲ ಎಂಬ ಚಿಂತೆ. ತಾವು ನಿಂತು ಹೋಗಲು ತಯಾರಿದ್ದರು, ಸೀಟು ಪೇಟಿಗೆ ಬೇಕಿತ್ತು. ಒಂದು ದಿನ ನಾನು ಔರಾದ ಬಸ್ಸಿನದು ಕೂಗಿ ಮುಗಿಸುವಷ್ಟರಲ್ಲಿ ಬಿಳಿ ಜುಬ್ಬಾ, ಹೆಗಲ ಮೇಲೊಂದು ಚೌಕಳಿ ರುಮಾಲು, ಮುಂದಿನ ಎರಡು ಹಲ್ಲು ಇಲ್ಲದ ನಗೆ ಕಿಟಕಿಯಲ್ಲಿ ಕಾಣಿಸಿತು.

"ಸಾಹೇಬ್ರ, ಇನ್ನೊಮ್ಮಿ ಹೇಳ್ರಿ."

"ಔರಾದ ಬಸ್ಸೇನ್ರಿ? ಅಕಾ ಅಲ್ಲೇ ನಿಂತದ ನೋಡ್ರಿ."

"ಬಸ್ ಕಂಡೀನ್ರಿ. ನಿಮ್ಮ ಸುರ ಕೇಳ್ಲಾಕ ಬಂದೀನಿ. ಕಾಳಿ ದೋನ್ ಅದ ನಿಮ್ದು. ಪಕ್ಕಾ ಕಾಳಿ ದೋನ್."

ಕಾಳಿ ದೋನ್ ಎಂದರೆ ಪೇಟಿಯ ಎರಡನೆಯ ಕರಿ ಪಟ್ಟಿ, ನನ್ನ ದನಿ ನಿಲ್ಲುವ ಶ್ರುತಿ ಎಂದು ಆಮೇಲೆ ಗೊತ್ತಾಯಿತು. ಮನುಷ್ಯನ ತಲೆ ಸ್ವಲ್ಪ ಸಡಿಲ ಎಂದುಕೊಂಡು ನಕ್ಕು ಕಳಿಸಿದ್ದೆ. ಆದರೆ ಆ ದಿನವಿಡೀ ಮೈಕಿನ ಮುಂದೆ ಬಾಯಿ ತೆರೆದಾಗಲೆಲ್ಲ ನನ್ನ ದನಿಯನ್ನು ನಾನೇ ನಿಂತು ಕೇಳಿದೆ. ಉದಗೀರ, ಭಾಲ್ಕಿ, ಹುಮನಾಬಾದ ಎಂಬ ಊರುಗಳ ಹೆಸರುಗಳು ಅಷ್ಟು ಚೆಂದ ಇವೆಯೆಂದು ನನಗೆ ಅದೇ ಮೊದಲು ಅನ್ನಿಸಿದ್ದು. ಮುಂದಿನ ಸೋಮವಾರ ಅವರ ಹಿಂದೆ ಭಾಲ್ಕಿ ಬಸ್ಸು ಹತ್ತಿದೆ.

ಹಾಡುವವರಿಗೆ ಸುರ ಹಿಡಿದುಕೊಡುವ ಅವರ ರೀತಿ ಬೇರೆ ಯಾರಲ್ಲೂ ನಾನು ಕಂಡಿಲ್ಲ. ಪೇಟಿಯನ್ನು ಮುಂದೆ ಇಟ್ಟುಕೊಂಡು, ರುಮಾಲಿನ ತುದಿಯಿಂದ ಪಟ್ಟಿಗಳನ್ನು ಒರೆಸಿ, ಹಾಡುವವರ ಮುಖ ನೋಡಿ ಕೇಳುತ್ತಿದ್ದರು: "ಇವತ್ತ ಮನ್ಯಾಗ ಏನ್ ಮಾಡೀರಿ?" ಅವರು ರೊಟ್ಟಿ ಎನ್ನಲಿ, ಪುಂಡಿಪಲ್ಯ ಎನ್ನಲಿ, ಆ ಮಾತು ಮುಗಿಯುವುದರೊಳಗೆ ಮಾಸ್ತರರ ಬೆರಳು ಒಂದು ಪಟ್ಟಿಯ ಮೇಲೆ ಕೂತಿರುತ್ತಿತ್ತು. "ಅಲ್ಲೇ ಅದ ನೋಡ್ರಿ, ಅಲ್ಲೇ ಅದ," ಎಂದು ಗಾಳಿ ಬಿಡುತ್ತಿದ್ದರು. ಹಾಡುವವರಿಗೆ ತಮ್ಮ ಅಡುಗೆಮನೆಯಿಂದ ನೇರ ಹಾಡಿನೊಳಗೆ ನಡೆದು ಬಂದಂತಾಗುತ್ತಿತ್ತು.

ಹೀಗೇಕೆ ಎಂದು ಒಮ್ಮೆ ಕೇಳಿದ್ದಕ್ಕೆ ಹೇಳಿದ್ದರು: "ಮಾತಾಡಾಗ ಎಲ್ಲಾರೂ ಸುರದಾಗೇ ಇರ್ತಾರ್ರಿ ಸಾಹೇಬ್ರ. ಹಾಡ್ತೇನಿ ಅಂತ ಕುಂತ್ರು ಅಂದ್ರ ದೊಡ್ಡೋರಾಗ್ತಾರ, ಅಲ್ಲಿ ಕಳೀತದ. ಅದಕ ಊಟದ ಮಾತ ತೆಗೀತೇನಿ. ಊಟದ ಮಾತಿನ್ಯಾಗ ಯಾರೂ ಸುಳ್ಳ ದನಿ ತೆಗ್ಯಂಗಿಲ್ಲ."

ಅಕ್ಕನ ಮುಂದೆ ಮಾತ್ರ ಮೊದಲ ದಿನ ಈ ಆಟ ನಡೆಯಲಿಲ್ಲವಂತೆ. ಅಕ್ಕನೇ ಎಷ್ಟೋ ಸಲ ಹೇಳಿದ ಕತೆ ಇದು. ಹಳೆಯ ಪೇಟಿಯವರು ಊರು ಬಿಟ್ಟು ಹೋಗಿ, ನೌಬಾದದಿಂದ ಯಾರೋ ಬರುತ್ತಾರೆಂದು ಎಲ್ಲರೂ ಕಾದು ಕೂತಿದ್ದರು. ಬಂದವರು ಕೂತವರೇ ಏನು ಅಡುಗೆ ಎಂದು ಕೇಳಿದರು. ಅಕ್ಕನಿಗೆ ರೇಗಿತು.

"ಪೇಟಿ ಬಾರಸ್ಲಾಕ ಬಂದೀರೋ, ಉಣ್ಲಾಕ ಬಂದೀರೋ?"

ಮಾಸ್ತರರು ಆ ಬೈಗುಳವನ್ನೂ ಕಣ್ಣು ಮುಚ್ಚಿ ಕೇಳಿದರಂತೆ. "ಸಿಟ್ಟಿನ್ಯಾಗ ಒಂದ್ ಪಟ್ಟಿ ಮ್ಯಾಲ ಹೋಗ್ಯದ ಅಕ್ಕಾ. ಸಮಾಧಾನ ಮಾಡ್ಕೊಂಡು ಇನ್ನೊಮ್ಮಿ ಬೈರಿ," ಎಂದರಂತೆ. ಪಡಸಾಲೆ ತುಂಬ ನಗೆ. ಅಕ್ಕನೂ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕು, ಜೋಳದ ರೊಟ್ಟಿ, ಹೆಸರುಬೇಳೆ ಎಂದರು. ಆ ಹೆಸರುಬೇಳೆಯ ಸುರದಲ್ಲೇ ಅಕ್ಕ ಇಲ್ಲಿಯವರೆಗೆ ಹಾಡಿದ್ದು. ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಮಾಸ್ತರರು ಭಾಲ್ಕಿ ಮುಟ್ಟುತ್ತಿದ್ದರು. ಅವರಿಗೆಂದು ಒಳಕೋಣೆಯಲ್ಲಿ ಒಂದು ಹೊಸ ಚಾಪೆಯನ್ನು ಅಕ್ಕ ಸುತ್ತಿ ಇಟ್ಟಿರುತ್ತಿದ್ದರು. ಅವರು ಪ್ರಾರ್ಥನೆ ಮುಗಿಸಿ ಹೊರಗೆ ಬಂದ ಮೇಲೆಯೇ ಭಜನೆ. ಅದರ ಬಗ್ಗೆ ಯಾರೂ ಯಾವತ್ತೂ ಮಾತಾಡಿದ್ದು ನೆನಪಿಲ್ಲ.

ಅವರ ಜೊತೆ ಬಸ್ಸಿನಲ್ಲಿ ಹೋಗುವುದೇ ಒಂದು ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಸ್ಥಿತಿ. ಪೇಟಿಗೆ ಹಿಡಿದ ಸೀಟನ್ನು ಯಾವುದೋ ಬಾಣಂತಿಗೋ ಮುದುಕರಿಗೋ ಬಿಟ್ಟುಕೊಟ್ಟು, ಕಡೆಗೆ ಪೇಟಿಯನ್ನು ತೊಡೆಯ ಮೇಲೇ ಇಟ್ಟುಕೊಳ್ಳುವವರು. ಕೆಂಪು ಮಣ್ಣು ಹಿಂದೆ ಸರಿದು ಎರೆಹೊಲಗಳು ಸುರುವಾಗುವ ಹೊತ್ತಿಗೆ ಮೇಲಿನ ಮುಚ್ಚಳ ತೆಗೆದು ನುಡಿಸತೊಡಗುತ್ತಿದ್ದರು. ಆದರೆ ಗಾಳಿ ಹಾಕುತ್ತಿರಲಿಲ್ಲ. ತಿದಿ ಮುಚ್ಚಿಯೇ ಇರುತ್ತಿತ್ತು. ಪಟ್ಟಿಗಳು ಏಳುತ್ತಿದ್ದವು, ಬೀಳುತ್ತಿದ್ದವು, ಸಣ್ಣಗೆ ಕಟಕಟ ಎನ್ನುತ್ತಿದ್ದವು, ಅಷ್ಟೇ. ಕಿಟಕಿಯಾಚೆ ತೊಗರಿ ಹಳದಿ ಹೂ ಬಿಟ್ಟು ನಿಂತಿರುತ್ತಿತ್ತು. ನಾನು ಅವರ ಬೆರಳು ನೋಡುತ್ತ ನೋಡುತ್ತ ಕಣ್ಣು ಮುಚ್ಚಿದರೆ, ಆಣೆ ಮಾಡಿ ಹೇಳುತ್ತೇನೆ, ಹಾಡು ಕೇಳುತ್ತಿತ್ತು. ಯಾವ ಹಾಡೆಂದು ಕೇಳಿದರೆ ಹೇಳಲಾರೆ. ಕಣ್ಣು ಬಿಟ್ಟಾಗ ಭಾಲ್ಕಿ ಬಂದಿರುತ್ತಿತ್ತು, ಅಥವಾ ಔರಾದ, ಮತ್ತು ಅವರು ನನ್ನನ್ನೇ ನೋಡುತ್ತ ನಗುತ್ತಿರುತ್ತಿದ್ದರು.

"ಕೇಳಿಸ್ತೇನ್ರಿ?"

"ಕೇಳಿಸ್ತ್ರಿ."

"ಹಾಂ. ಮತ್ತ ಕಂಡಕ್ಟರ್‌ಗ ಹೇಳಬ್ಯಾಡ್ರಿ. ಹಾಡಿಗೂ ಟಿಕೀಟ ಹರೀತಾನ."

ಔರಾದದಲ್ಲಿ ಒಮ್ಮೆ ಹೊಸ ಮನೆಯ ಪ್ರವೇಶಕ್ಕೆ ಭಜನೆ ಇತ್ತು. ಮೈಕು, ಸ್ಪೀಕರಿನ ಮನುಷ್ಯ ಕೋಲಾರದ ಕಡೆಯವನು, ನಮ್ಮ ಸೀಮೆಗೆ ಹೊಸಬ. ಮಧ್ಯಾಹ್ನದ ಊಟಕ್ಕೆ ಎಲೆ ಹಾಕುತ್ತಿದ್ದಾರೆಂದು ತಿಳಿದ ಮಾಸ್ತರರು ಅವನ ಕಡೆ ತಿರುಗಿ, "ಪೇಟಿ ದೊಡ್ಡದ ಮಾಡಪಾ," ಎಂದರು. ಪೇಟಿಯ ಮುಂದಿನ ಮೈಕು ತೆಗೆ, ಮುಗಿಸೋಣ ಎಂದು ಅದರ ಅರ್ಥ. ಅವನು ಪಾಪ, ಹೇಳಿದ ಮಾತು ಕೇಳುವ ಮನುಷ್ಯ. ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಸ್ಪೀಕರು ಕಿರ್ರೆಂದು ಕೂಗಿದ ಹೊಡೆತಕ್ಕೆ ಬಡಿಸುವವರ ಕೈಯಿಂದ ಹುಗ್ಗಿಯ ಸೌಟು ಬಿತ್ತು. ಓಣಿಯ ನಾಯಿಗಳೆಲ್ಲ ಒಂದೇ ಸಲ ಎದ್ದು ಓಡಿದವು. ಮನೆಯ ಯಜಮಾನರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅವನನ್ನು ಬೈಯಲು ಹೊರಟರು.

ಮಾಸ್ತರರು ಕೈ ಎತ್ತಿ ತಡೆದರು. "ಬೈಬ್ಯಾಡ್ರಿ. ಅಂವಾ ಖರೇನೇ ಮಾಡ್ಯಾನ. ನಾ ದೊಡ್ಡದ ಮಾಡು ಅಂದೆ, ಮಾಡ್ದಾ. ನಾವೇ ಇಷ್ಟ ದಿನಾ ಬಾಯಿಲೆ ಅಂದು ಕೈಲೆ ಮುಚ್ಲಾಕತ್ತೇವಿ," ಎಂದು ಮತ್ತೆ ಪೇಟಿ ತೆಗೆದರು. ಊಟಕ್ಕೆ ಕೂತವರು ಎದ್ದು ಬಂದರು, ಕೆಲವರು ಎಂಜಲು ಕೈಯಲ್ಲೇ. ಅವತ್ತು ಅವರು ನುಡಿಸಿದ್ದನ್ನು ಹೇಗೆ ಹೇಳಲಿ? ಬಿಸಿಲು ಚಪ್ಪರದ ಸಂದಿಯಿಂದ ಚುಕ್ಕೆ ಚುಕ್ಕೆಯಾಗಿ ಇಳಿದು ಅವರ ಬೆರಳುಗಳ ಮೇಲೆ ಅಲ್ಲಾಡುತ್ತಿತ್ತು. ಎಲ್ಲರಿಗೂ ಹಸಿವೆ ಇತ್ತು, ಯಾರೂ ಏಳಲಿಲ್ಲ. ಮೈಕಿನ ಮನುಷ್ಯ ಆಮೇಲೆ ನಮ್ಮ ಮಾತು ಕಲಿತ. ಆದರೆ ಮಾಸ್ತರರ ಮುಂದೆ ಬೇಕೆಂದೇ ಮರೆತಂತೆ ಮಾಡುತ್ತಿದ್ದ.

ಇತ್ತೀಚೆಗೆ ಸ್ಟ್ಯಾಂಡಿನಲ್ಲಿ ನನ್ನ ಅರ್ಧ ಕೆಲಸವನ್ನು ಯಂತ್ರ ಮಾಡುತ್ತದೆ. ಯಾವುದೋ ಹೆಣ್ಣುದನಿ, ಮೊದಲೇ ತುಂಬಿಸಿಟ್ಟದ್ದು, ಬಸ್ಸಿನ ಹೆಸರು ಹೇಳುತ್ತದೆ. ಮಾಸ್ತರರು ಒಂದು ದಿನ ಅದನ್ನು ಬಹಳ ಹೊತ್ತು ತಲೆ ಬಾಗಿಸಿ ಕೇಳಿದರು. "ಏನ್ ಪಟ್ಟಿರಿ ಇಕೀದು?" ಎಂದು ನಾನು ಕೆಣಕಿದೆ. "ಇಕಿ ಊಟಾನೇ ಮಾಡಂಗಿಲ್ಲಲ್ರಿ ಸಾಹೇಬ್ರ, ಸುರ ಎಲ್ಲಿಂದ ಬರಬೇಕು?" ಎಂದು ತಲೆ ಆಡಿಸುತ್ತ ಬಸ್ಸಿಗೆ ಹೋದರು. ಆ ಸಂಜೆ ಔರಾದಕ್ಕೆ ಹೋಗುವ ಕಡೆಯ ಬಸ್ಸನ್ನು ನಾನೇ ಕೂಗಿದೆ. ಅದನ್ನು ಕಡೆಯ ಬಸ್ಸು ಎನ್ನಲು ಅವರು ಬಿಡುತ್ತಿರಲಿಲ್ಲ. "ಕಡೀದು ಅಂತ ಯಾಕ ಅಂತೀರಿ? ಇದರ ಹಿಂದಿಂದು ಮುಂಜಾನಿ ಬರ್ತದ ಅನ್ರಿ," ಎಂದು ಎಷ್ಟೋ ವರ್ಷಗಳ ಹಿಂದೆಯೇ ತಿದ್ದಿದ್ದರು. ಹಾಗೇ ಹೇಳುತ್ತ ಬಂದಿದ್ದೇನೆ. ಮೇಲಿನವರು ಯಾರೂ ಕೇಳಿಲ್ಲ.

ಸುದ್ದಿ ಬಂದದ್ದು ಶನಿವಾರ. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಅಲ್ಲಿ ಹಾಡಿಲ್ಲ, ತಾಳವಿಲ್ಲ, ಅದು ಅವರ ಪದ್ಧತಿ. ಆದರೆ ಅಷ್ಟು ಸಪ್ಪಳವಿಲ್ಲದೆ ಅವರು ಎಲ್ಲಿಗೂ ಹೋದದ್ದನ್ನು ನಾನು ನೋಡಿರಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು, ತಿದಿ ಮುಚ್ಚಿದ ಪೇಟಿಯನ್ನು ಕೇಳಿದಂತೆ ಕಣ್ಣು ಮುಚ್ಚಿ ಕೇಳಲು ನೋಡಿದೆ. ಏನೂ ಕೇಳಲಿಲ್ಲ. ಅವತ್ತು ನನಗೆ ನಿಜವಾಗಿ ದಿಕ್ಕು ತಪ್ಪಿತು.

ಸೋಮವಾರ ರಜೆ. ಮೈಲೂರಿನ ನನ್ನ ಮನೆಯಲ್ಲಿ ಕೂತರೂ ಆಗಲಿಲ್ಲ, ನಿಂತರೂ ಆಗಲಿಲ್ಲ. ಸಂಜೆಯ ಮುಂಚೆ ನೌಬಾದಕ್ಕೆ ಹೋದೆ. ಬಾಗಿಲಲ್ಲಿ ಮಾಸ್ತರರ ಮಗಳು ನಿಂತಿದ್ದಳು. ಪೇಟಿಗೆ ಬಟ್ಟೆಯ ಗವಸು ತೊಡಿಸಿ ಹೊಸ್ತಿಲ ಒಳಗೆ ಇಟ್ಟಿದ್ದಳು, ಯಾರೋ ಪ್ರಯಾಣಕ್ಕೆ ಹೊರಟಂತೆ.

"ನೀವ್ ಬರ್ತೀರಿ ಅಂತ ಗೊತ್ತಿತ್ತು ಕಾಕಾ," ಎಂದಳು. "ಇವತ್ತ ಸೋಮವಾರ ಅಲ್ಲೇನ್ರಿ? ಇದು ಸೋಮವಾರ ಮನ್ಯಾಗ ಕುಂತಿದ್ದೇ ಇಲ್ಲ. ನನಗ ನೋಡ್ಲಾಕ ಆಗವಲ್ದು. ಅಕ್ಕಾನ ಕಡಿ ಒಯ್ರಿ."

"ಭಜನಿ ಆಗಂಗಿಲ್ಲವ್ವಾ. ಅಕ್ಕ ಒಲ್ಲೆ ಅಂದಾರ."

"ಆಗ್ಲಿಕ್ಕಂದ್ರೂ ಒಯ್ರಿ. ಅಲ್ಲಿ ಕುಂದರ್ಲಿ."

ನೌಬಾದದಲ್ಲಿ ಹತ್ತಲಿಲ್ಲ. ಅವರಂತೆಯೇ ಆಟೋ ಹಿಡಿದು ಹಿಂದಕ್ಕೆ ಸ್ಟ್ಯಾಂಡಿಗೆ ಬಂದೆ, ಖಾಲಿ ಬಸ್ಸಿನಲ್ಲಿ ಪೇಟಿಗೆ ಸೀಟು ಹಿಡಿದೆ. ಮುಂದೆ ನೌಬಾದದಲ್ಲಿ ಕೂಸನ್ನು ಎತ್ತಿಕೊಂಡ ಹೆಣ್ಣುಮಗಳೊಬ್ಬಳು ಹತ್ತಿದಳು. ಪೇಟಿ ನನ್ನ ತೊಡೆಗೆ ಬಂತು. ಅದಕ್ಕೆ ಅವರ ರುಮಾಲಿನ ವಾಸನೆ ಇತ್ತು. ತೊಗರಿ ಹೂ ಉದುರಿ ಕಾಯಿ ಕಟ್ಟಿತ್ತು. ಹೊರಗೆ ಹೊತ್ತು ಇಳಿಯುತ್ತಿತ್ತು, ನನಗೆ ಜೊಂಪು ಹತ್ತಿತು. ಹಳ್ಳವಿದ್ದ ಕಡೆಯಲ್ಲೆಲ್ಲ ಬಸ್ಸು ಕುಲುಕಿದಾಗ ಗವಸಿನ ಒಳಗೆ ಪಟ್ಟಿಗಳು ಸಣ್ಣಗೆ ಕಟಕಟ ಎಂದವು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಪಕ್ಕದಲ್ಲಿ ಅವರು ಇರುವುದಿಲ್ಲ ಎಂಬುದು ನಿದ್ದೆಗಣ್ಣಿನಲ್ಲೂ ನೆನಪಿತ್ತು.

ಅಕ್ಕನ ಪಡಸಾಲೆಯಲ್ಲಿ ಎಂದಿನ ನಾಲ್ಕಾರು ಜನ ಕೂತಿದ್ದರು. ಯಾರೂ ಕರೆದಿರಲಿಲ್ಲ, ಕಾಲು ತಾವಾಗಿ ಬಂದಿದ್ದವು. ಒಳಕೋಣೆಯ ಬಾಗಿಲಲ್ಲಿ ಚಾಪೆ ಸುತ್ತಿಟ್ಟದ್ದು ಕಾಣುತ್ತಿತ್ತು. ನಾನು ಪೇಟಿಯನ್ನು ಕಂಬದ ಹತ್ತಿರ ಅದರ ಜಾಗದಲ್ಲಿ ಇಟ್ಟೆ. ಅಕ್ಕ ಅದನ್ನು ನೋಡಿದರು. ಬೇಡವೆನ್ನಲಿಲ್ಲ. ಹೊರಗೆ ಮಗ್ರಿಬ್‌ನ ಕೂಗು ಕೇಳಿ ಮುಗಿಯಿತು. ಅಷ್ಟು ಹೊತ್ತು ನಾವೆಲ್ಲ ಎಂದಿನಂತೆ ಕಾದೆವು, ಒಳಗಿನಿಂದ ಯಾರೋ ಬರುವವರಿದ್ದಾರೆ ಎಂಬಂತೆ.

ಆಮೇಲೆ ಅಕ್ಕ ಬಾಯಿ ತೆರೆದರು. ದನಿ ಬಹಳ ಮೇಲೆ ಹೋಗಿ ಒಡೆಯಿತು. ಇನ್ನೊಮ್ಮೆ ಹಿಡಿದರು, ಕೆಳಗೆ ಬಿದ್ದು ಗಂಟಲಲ್ಲೇ ನಿಂತಿತು.

"ನಾ ಹೇಳಿದ್ದಿಲ್ಲೇನ್ ತಮ್ಮಾ?" ಎಂದರು. "ಸಿಗಂಗಿಲ್ಲ. ಯಾಕ ತಂದೀ ಇದನ್ನ?"

ನನಗೆ ಪೇಟಿ ನುಡಿಸಲು ಬರುವುದಿಲ್ಲ. ಹಾಡಲೂ ಬರುವುದಿಲ್ಲ. ಬಸ್ಸು ಕೂಗಲು ಬರುತ್ತದೆ, ತಾಳ ಹಾಕಲು ಬರುತ್ತದೆ. ಆದರೂ ಅವರ ಜಾಗ ಖಾಲಿ ಇದ್ದದ್ದನ್ನು ನೋಡುತ್ತಲೇ ಬಾಯಿ ತಾನಾಗಿ ಕೇಳಿಬಿಟ್ಟಿತು:

"ಅಕ್ಕಾ, ಇವತ್ತ ಮನ್ಯಾಗ ಏನ್ ಮಾಡೀರಿ?"

ಅಕ್ಕ ಸಿಟ್ಟಿನಿಂದ ನನ್ನತ್ತ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ನನ್ನಿಂದ ಪೇಟಿಗೆ ಹೋಯಿತು, ಅಲ್ಲೇ ಉಳಿಯಿತು.

"ಏನೂ ಮಾಡಿಲ್ಲಪಾ," ಎಂದರು ಮೆಲ್ಲಗೆ. "ಶನಿವಾರದಿಂದ ಒಲಿ ಹಚ್ಚಿಲ್ಲ."

ನಮ್ಮಲ್ಲಿ ಸಾವಾದ ಮನೆಯವರಷ್ಟೇ ಒಲೆ ಹಚ್ಚುವುದಿಲ್ಲ, ನೆರೆಯವರು ರೊಟ್ಟಿ ತಂದುಕೊಡುತ್ತಾರೆ. ನೌಬಾದದಲ್ಲಿ ಒಂದು ಮನೆಯಲ್ಲಿ ಸಾವಾಗಿತ್ತು, ಭಾಲ್ಕಿಯಲ್ಲಿ ಈ ಮನೆಯಲ್ಲೂ ಆಗಿತ್ತು. ಆ 'ಹಚ್ಚಿಲ್ಲ'ದ ಕೊನೆಯ ದನಿ ಪಡಸಾಲೆಯಲ್ಲಿ ಇನ್ನೂ ನಿಂತಿತ್ತು. ಅಕ್ಕನಿಗೂ ಅದು ಕೇಳಿಸಿತು. ಅವರು ತಲೆ ಸ್ವಲ್ಪ ಬಾಗಿಸಿದರು, ತಮ್ಮದೇ ಮಾತಿನ ಹಿಂದೆ ಹೋದಂತೆ, ಬಾಯಿ ಮುಚ್ಚಿಯೇ ಆ ದನಿಯನ್ನು ಹಿಡಿದರು.

"ಅಲ್ಲೇ ಅದ ನೋಡ್ರಿ," ಎಂದೆ. "ಅಲ್ಲೇ ಅದ ಅಕ್ಕಾ."

ಅಕ್ಕ ಹಾಡಿದರು. ಎರಡು ಕಡೆ ಅಳು ಬಂದು ನಿಂತರು, ನಿಂತಲ್ಲಿಂದಲೇ ಮತ್ತೆ ಎತ್ತಿಕೊಂಡರು. ಸುರ ಎಲ್ಲಿಯೂ ಹೋಗಲಿಲ್ಲ. ನಾನು ತಾಳ ಹಾಕುತ್ತ ಕಣ್ಣು ಮುಚ್ಚಿದೆ. ಬೇವಿನ ಗಿಡದ ಕೆಳಗೆ ಕೇಳದೆ ಹೋದದ್ದು ಅಕ್ಕನ ದನಿಯ ಅಡಿಯಲ್ಲಿ, ಗಾಳಿಯಿಲ್ಲದ ಪೇಟಿಯೊಳಗಿನಿಂದ, ಮೆಲ್ಲಗೆ ಕೇಳತೊಡಗಿತು.

ಭಜನೆ ಮುಗಿದಾಗ ಎದುರು ಮನೆಯ ಹೆಣ್ಣುಮಗಳು ರೊಟ್ಟಿಯ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಭಜನಿ ಬಂದ್ ಅಂದಿದ್ರಲ್ಲ ಅಕ್ಕಾ?" ಎಂದಳು.

ಅಕ್ಕ ಪೇಟಿಯ ಹತ್ತಿರ ಸರಿದು, ಗವಸು ತೆಗೆದು, ಸೆರಗಿನ ತುದಿಯಿಂದ ಪಟ್ಟಿಗಳನ್ನು ಒಂದೊಂದಾಗಿ ಒರೆಸಿದರು. ಮತ್ತೆ ಗವಸು ತೊಡಿಸಿದರು.

"ಬಂದ್ ಅನಬ್ಯಾಡವಾ," ಎಂದರು. "ದೊಡ್ಡದ ಮಾಡೀವಿ."

ಆಮೇಲೆ ನನ್ನ ಕಡೆ ತಿರುಗಿದರು. "ಮುಂದಿನ ಸೋಮವಾರ ಜಲ್ದಿ ಬಾ ತಮ್ಮಾ. ಅಡಗಿ ಮಾಡಿರ್ತೇನಿ."